ಕುಂಬಳೆಯಿಂದ ಒಂದು ಉತ್ತರ

ಕೇರಳದಲ್ಲಿದ್ದೂ ಕನ್ನಡಿಗರಾಗಿ ಉಳಿಯಲು ನಿಮಗೆ ಇಂಟರ್ನೆಟ್ ನೆರವಾಗುತ್ತದೆಯೇ ಎಂದು ಕೇಳಿದ್ದೀರಿ. ನೆರವಾಗುತ್ತದೆ, ಆದರೆ ತಾನಾಗಿಯೇ ಅಲ್ಲ. ಕಾಸರಗೋಡು ಜಿಲ್ಲೆಯ ನಮ್ಮ ಕುಂಬಳೆಯಲ್ಲಿ ಹೊಸ ಫೋನ್ ತೆರೆದರೆ ಅದು ಮೊದಲು ಮುಂದಿಡುವುದು ಮಲಯಾಳಂ ಸುದ್ದಿ, ಮಲಯಾಳಂ ಜಾಹೀರಾತು. 1956ರ ನವೆಂಬರ್ 1ರಂದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ ಗೆರೆ ಮಾತ್ರ ಅದಕ್ಕೆ ಗೊತ್ತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿದ ಮಾತು ನಮ್ಮ ಹಿರಿಯರಿಗೆ ಇಂದಿಗೂ ಬಾಯಿಪಾಠ. ನಕ್ಷೆಯಲ್ಲಿ ಮಂಜೇಶ್ವರ ‘ಮಂಜೇಶ್ವರಂ’ ಆಗಿ ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ. ಮಲಯಾಳಂ ಮೇಲೆ ನಮಗೆ ದ್ವೇಷವಿಲ್ಲ, ಪೇಟೆಯಲ್ಲಿ ದಿನವೂ ಆಡುವ ಮಾತದು. ಊರಿನ ಹೆಸರು ಮಾತ್ರ ನಾವು ಕರೆದಂತೆಯೇ ಇರಲಿ ಎನ್ನುವುದು ನಮ್ಮ ಆಸೆ.

ನಮ್ಮ ಮನೆಯ ಮಾತು ತುಳು, ಓದಿದ್ದು ಕನ್ನಡ ಮಾಧ್ಯಮದಲ್ಲಿ. ಅಣ್ಣ ದುಬೈಯಲ್ಲಿದ್ದಾನೆ, ತಂಗಿ ಬೆಂಗಳೂರಿನಲ್ಲಿ. ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ತುಳುವನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತೇವೆ. ಅಲ್ಲೇ ತೊಡಕು. ‘ಯಾನ್ ಬರ್ಪೆ’ ಎಂದರೆ ನಾನು ಬರುತ್ತೇನೆ, ‘ಆಯೆ ಬರ್ಪೆ’ ಎಂದರೆ ಅವನು ಬರುತ್ತಾನೆ. ಆಡುವಾಗ ಎರಡರ ಕೊನೆಯ ಸ್ವರ ಬೇರೆ ಬೇರೆ: ‘ನಾನು’ ಎಂಬಲ್ಲಿ ಬಾಯಿ ಹೆಚ್ಚು ತೆರೆಯುತ್ತದೆ. ಕನ್ನಡ ಲಿಪಿಯಲ್ಲಿ ಆ ವ್ಯತ್ಯಾಸಕ್ಕೆ ಗುರುತಿಲ್ಲ. ಬರಿಯ ‘ಬರ್ಪೆ’ ಎಂದು ಬಂದರೆ ಬರುವವರು ಯಾರೆಂದು ಮತ್ತೆ ಕೇಳಬೇಕು. ಹಾಗಾಗಿ ಅಮ್ಮ ಬರೆಯುವುದೇ ಇಲ್ಲ, ದನಿಯನ್ನೇ ಕಳುಹಿಸುತ್ತಾಳೆ. ತುಳು ವಿಕಿಪೀಡಿಯ 2016ರಲ್ಲಿ ಬಂತು, ತುಳುವಿನ ಹಳೆಯ ಲಿಪಿಯಾದ ತುಳು-ತಿಗಳಾರಿ 2024ರಲ್ಲಿ ಕಂಪ್ಯೂಟರ್, ಫೋನುಗಳ ಅಕ್ಷರ ಸಂಕೇತಗಳ ಪಟ್ಟಿಯಾದ ಯೂನಿಕೋಡ್ ಸೇರಿತು. ಎರಡೂ ಸಂತೋಷದ ಸಂಗತಿಗಳೇ. ಆದರೆ ನಮ್ಮ ಮನೆಯಲ್ಲಿ ಭಾಷೆಯನ್ನು ಹಿಡಿದಿಟ್ಟಿರುವುದು ಅಮ್ಮನ ದನಿ.

ಇನ್ನು ಬಯಲಾಟ, ಅಂದರೆ ಯಕ್ಷಗಾನ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಾದ ನಮಗೆ ಅದಿಲ್ಲದೆ ಜಾತ್ರೆಯಿಲ್ಲ. ಈಗ ಎಷ್ಟೋ ಆಟಗಳು ಯೂಟ್ಯೂಬಿನಲ್ಲಿ ನೇರವಾಗಿ ಬರುತ್ತವೆ. ಇಲ್ಲಿ ರಾತ್ರಿ 9 ಗಂಟೆಯಾದರೆ ದುಬೈಯಲ್ಲಿ ಏಳೂವರೆ. ಅಣ್ಣ ಕೆಲಸ ಮುಗಿಸಿ ಬಂದು, ಊಟದ ತಟ್ಟೆಯ ಪಕ್ಕದಲ್ಲಿ ಫೋನ್ ನಿಲ್ಲಿಸಿಕೊಂಡು ಕೂರುತ್ತಾನೆ. ಭಾಗವತರು ಪದ ಎತ್ತಿಕೊಂಡಾಗ ನಾನು ಗದ್ದೆಯಲ್ಲಿ ಹಾಸಿದ ಚಾಪೆಯ ಮೇಲಿರುತ್ತೇನೆ. ರಾಗ ಯಾವುದೆಂದು ಅವನು ಅಲ್ಲಿಂದಲೇ ಬರೆದು ಕೇಳುತ್ತಾನೆ. ಗಲ್ಫಿನಲ್ಲಿ ಹುಟ್ಟಿ ಬೆಳೆದ ಅವನ ಮಗನಿಗೆ ಕನ್ನಡ ಓದಲು ಬರುವುದಿಲ್ಲ. ವೇಷ ನೋಡುತ್ತಾನೆ, ಅರ್ಥ ಅಪ್ಪನನ್ನು ಕೇಳುತ್ತಾನೆ.

ಕಳೆದ ರಜೆಗೆ ಮುಂಚೆ ಆ ಹುಡುಗ ಇಂಗ್ಲಿಷ್ ಅಕ್ಷರದಲ್ಲಿ ‘ಬರ್ಪೆ’ ಎಂದು ಬರೆದಿದ್ದ. ಯಾರು, ನೀನೋ ಅಪ್ಪನೋ ಎಂದು ಕೇಳಿದೆ. ಉತ್ತರವಾಗಿ ದನಿ ಬಂತು, ಅದೇ ಒಂದು ಪದ. ಕೊನೆಯ ಸ್ವರವನ್ನು ಅವನು ಅಗಲವಾಗಿ ತೆರೆದಿದ್ದ. ಅಮ್ಮ ಅದನ್ನು ನಾಲ್ಕು ಸಲ ಹಾಕಿಸಿಕೊಂಡು ಕೇಳಿದಳು.