ಪ್ರ: ಮಗುವಿನ ಮೇಲೆ ರೇಗುತ್ತೇನೆ, ನನ್ನಲ್ಲೇ ಏನೋ ತಪ್ಪಿದೆಯಾ?

ಮೈಸೂರಿನ ಹೆಬ್ಬಾಳದಲ್ಲಿ ಫ್ಯಾಕ್ಟರಿ ಕೆಲಸ, ಕುಂಬಾರಕೊಪ್ಪಲಿನ ಮನೆಯಲ್ಲಿ ಮೂರು ವರ್ಷದ ಮಗು, ಹಾಸಿಗೆ ಹಿಡಿದ ಅತ್ತೆ. ನಿದ್ದೆ ಬರಲ್ಲ, ಮಗುವಿನ ಮೇಲೆ ಸುಮ್ನೆ ರೇಗುತ್ತೇನೆ, ನನಗೆ ನಿಭಾಯಿಸುವ ಶಕ್ತಿ ಇಲ್ವಾ ಅಂತ ಕೇಳಿದ್ದೀರಿ.

ಶಕ್ತಿಯ ಮಾತೇ ಅಲ್ಲ ಇದು. ಗ್ರೀನ್‌ಹಾಸ್ ಮತ್ತು ಬ್ಯೂಟೆಲ್ ಎಂಬ ಸಂಶೋಧಕರು 1985ರಲ್ಲೇ ಕೆಲಸ ಮತ್ತು ಮನೆಯ ನಡುವಿನ ಈ ಜಗ್ಗಾಟವನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು. ಸಮಯ ಸಾಲದಿರುವುದು ಒಂದು. ಒಂದು ಕಡೆಯ ಒತ್ತಡ ಇನ್ನೊಂದು ಕಡೆಗೆ ಹರಿಯುವುದು ಎರಡನೆಯದು. ಒಂದು ಕಡೆಯ ನಡವಳಿಕೆ ಇನ್ನೊಂದು ಕಡೆ ಹೊಂದದಿರುವುದು ಮೂರನೆಯದು. ನಿಮ್ಮದು ಜಾಸ್ತಿ ಎರಡನೆಯದು ಅನಿಸುತ್ತದೆ. ಹಾಗಿದ್ದರೆ, ಇನ್ನೂ ಬೇಗ ಏಳಿ ಎನ್ನುವ ಸಲಹೆ ದಂಡ. ಇರುವ ನಿದ್ದೆಯೂ ಹೋಗುತ್ತದೆ, ಸಿಟ್ಟು ಇನ್ನಷ್ಟು ಏರುತ್ತದೆ. ಹೊರೆಯೇ ಇಳಿಯಬೇಕು. ರಾತ್ರಿ ಅತ್ತೆಯನ್ನು ನಿಮ್ಮ ಗಂಡ ನೋಡಿಕೊಳ್ಳಲಿ. ಅವರ ಅಮ್ಮ ಅಲ್ವಾ?

ಮಗುವಿನ ವಿಷಯಕ್ಕೆ ಬಂದರೆ, 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಸೌಲಭ್ಯ ಇರಬೇಕು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಂದ ತಿದ್ದುಪಡಿಯಲ್ಲಿ ಬಂದ ನಿಯಮ ಇದು. ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಲೂ ಬಿಡಬೇಕು. ಒಬ್ಬರೇ ಹೋಗಿ ಕೇಳಬೇಡಿ, ಮಕ್ಕಳಿರುವ ನಾಲ್ಕು ಜನ ಸೇರಿ ಬರವಣಿಗೆಯಲ್ಲಿ ಕೊಡಿ. ಬಾಯಿಮಾತಿಗೆ ಎಚ್‌ಆರ್‌ನವರು ತಲೆಯಾಡಿಸಿ ಕಳಿಸುತ್ತಾರೆ.

ಎರಡು ವಾರ ದಾಟಿಯೂ ನಿದ್ದೆ ಇಲ್ಲ, ಯಾವುದೂ ಬೇಡ ಅನಿಸುತ್ತಿದೆ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು, ಮಧ್ಯರಾತ್ರಿಯಾದರೂ ಸರಿ. ಡಾಕ್ಟರನ್ನು ನೋಡಬೇಕೆಂದರೆ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ.

ನಿದ್ದೆ ಕೆಟ್ಟು ಎಷ್ಟು ದಿನವಾಯಿತು, ರಾತ್ರಿ ಪಾಳಿ ಇದೆಯಾ ಅಂತ ನೀವು ಬರೆದಿಲ್ಲ. ತಿಳಿಸಿ.