ಫೋಟೋ ನೋಡಿ ಸ್ಪಾ ಆರಿಸಬೇಡಿ, ಫೋನ್ ಮಾಡಿ ಕೇಳಿ

ದೊಡ್ಡ ನಗರ, ಮ್ಯಾಪ್‌ನಲ್ಲಿ ಹುಡುಕಿದರೆ ನೂರಾರು ಸ್ಪಾ, ಎಲ್ಲಕ್ಕೂ ನಾಲ್ಕೂವರೆ ಸ್ಟಾರ್, ಎಲ್ಲರ ಫೋಟೋದಲ್ಲೂ ಅದೇ ಮೇಣದಬತ್ತಿ, ಅದೇ ನುಣುಪು ಕಪ್ಪು ಕಲ್ಲು. ಇದರಲ್ಲಿ ನಿಜವಾಗಿ ಖುಷಿ ಕೊಡುವ ಒಂದನ್ನು ಹುಡುಕುವುದು ಹೇಗೆ ಅಂತ ಕೇಳಿದ್ದೀರಿ. ಕೆಲಸದ ಮೇಲೆ ಊರೂರು ತಿರುಗುವವಳು ನಾನು. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಕತ್ತು, ಹೆಗಲು ಹಿಡಿದುಕೊಳ್ಳುವುದು ಮಾಮೂಲಿ. ಹಾಗಾಗಿ ಗೊತ್ತಿಲ್ಲದ ಊರಲ್ಲಿ ಸ್ಪಾ ಹುಡುಕುವುದೂ ಮಾಮೂಲಿಯೇ.

ಮೊದಲು ಒಂದು ತೀರ್ಮಾನ ಮಾಡಿಕೊಳ್ಳಿ: ನಿಮಗೆ ಬೇಕಿರುವುದು ಬಿಸಿ, ನೀರು, ಹಬೆಯೋ, ಇಲ್ಲಾ ಒಬ್ಬರ ಕೈಯಿಂದ ಮೈ ಒತ್ತಿಸಿಕೊಳ್ಳುವುದೋ? ಎರಡನ್ನೂ ಚೆನ್ನಾಗಿ ಮಾಡುವ ಜಾಗ ಅಪರೂಪ.

ಬಿಸಿಯೇ ಬೇಕು ಅಂದರೆ ಸೌನಾ ಬೇರೆ, ಸ್ಟೀಮ್ ಬೇರೆ. ಸೌನಾ ಒಣ ಬಿಸಿ, ಸಾಮಾನ್ಯವಾಗಿ 80-90 ಡಿಗ್ರಿ ಸೆಲ್ಸಿಯಸ್. ಸ್ಟೀಮ್ ರೂಮ್ ಬರೀ 40-50 ಡಿಗ್ರಿ, ಆದರೆ ಗಾಳಿಯೆಲ್ಲ ತೇವ. ಬೆವರು ಆರದ ಕಾರಣ ಕೆಲವರಿಗೆ ಇದೇ ಹೆಚ್ಚು ಉಸಿರುಕಟ್ಟಿಸುತ್ತದೆ. ಬಿಸಿನೀರಿನ ತೊಟ್ಟಿ ಇದ್ದರೆ ಇಳಿಯುವ ಮೊದಲು ಮೂಗಿಗೆ ಕೆಲಸ ಕೊಡಿ. ಕಣ್ಣು ಉರಿಯುವಷ್ಟು ಕ್ಲೋರಿನ್ ವಾಸನೆ ಬಂದರೆ "ಎಷ್ಟು ಕ್ಲೀನಾಗಿಟ್ಟಿದ್ದಾರೆ" ಅಂದುಕೊಳ್ಳುತ್ತೇವೆ, ಆದರೆ ವಿಷಯ ತಿರುಗುಮುರುಗು. ಆ ಘಾಟು ಬರೀ ಕ್ಲೋರಿನ್ನಿನದಲ್ಲ, ಕ್ಲೋರಿನ್ ಜನರ ಬೆವರು, ಮೂತ್ರದ ಜೊತೆ ಸೇರಿ ಆದ ಕ್ಲೋರಮೈನ್ ಅನ್ನುವ ರಾಸಾಯನಿಕದ್ದು. ಸರಿಯಾಗಿ ನೋಡಿಕೊಂಡ ನೀರಿಗೆ ಹೆಚ್ಚು ವಾಸನೆ ಇರುವುದಿಲ್ಲ. ನ್ಯುಮೋನಿಯಾ ತರುವ ಲೀಜನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಉಗುರುಬೆಚ್ಚಗಿನ ನೀರಲ್ಲೇ ಚೆನ್ನಾಗಿ ಬೆಳೆಯುತ್ತದೆ. ಗುಳ್ಳೆ ಏಳುವ ನೀರಿನಿಂದ ಸಣ್ಣ ಹನಿಗಳ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ. ನೀರು ಮಂಕಾಗಿದ್ದರೆ, ಅಂಚು ಜಾರುತ್ತಿದ್ದರೆ, ಸುಮ್ಮನೆ ಟವೆಲ್ ಸುತ್ತಿಕೊಂಡು ಹೊರಗೆ ಬನ್ನಿ.

ಮಸಾಜ್ ಬೇಕು ಅಂದರೆ ಗೋಡೆಯ ಬಣ್ಣ, ನೀರಿನ ಕಾರಂಜಿ ಯಾವುದೂ ಲೆಕ್ಕಕ್ಕಿಲ್ಲ. ಥೆರಪಿಸ್ಟ್‌ನ ಕೈಗುಣವೇ ಎಲ್ಲ. ಅದಕ್ಕೇ ನಾನು ರಿವ್ಯೂ ಓದುವಾಗ "ಆ್ಯಂಬಿಯನ್ಸ್ ಸೂಪರ್" ಅನ್ನುವುದನ್ನೆಲ್ಲ ದಾಟಿಕೊಂಡು ಹೋಗುತ್ತೇನೆ. ಬೇರೆ ಬೇರೆ ತಿಂಗಳಲ್ಲಿ, ಬೇರೆ ಬೇರೆ ಜನ ಒಬ್ಬರೇ ಥೆರಪಿಸ್ಟ್‌ನ ಹೆಸರು ಹಿಡಿದು ಹೊಗಳಿದ್ದಾರಾ ನೋಡುತ್ತೇನೆ. ಒಂದೇ ವಾರದಲ್ಲಿ ಸಾಲಾಗಿ ಬಂದ ಹೊಗಳಿಕೆಯಾದರೆ ನಂಬುವುದಿಲ್ಲ. ಮೂರು ಸ್ಟಾರ್ ಕೊಟ್ಟವರ ಮಾತು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅವರಿಗೆ ಸಿಟ್ಟೂ ಇರುವುದಿಲ್ಲ, ಮುಲಾಜೂ ಇರುವುದಿಲ್ಲ.

ಆಮೇಲೆ ಫೋನ್ ಮಾಡಿ. ಕೇಳುವ ರೀತಿ ಹೀಗೆ: "ನನಗೆ ಬಲಗಡೆ ಹೆಗಲು, ರೆಕ್ಕೆ ಮೂಳೆಯ ಕೆಳಗೆ ಗಂಟು ಕಟ್ಟಿದಂತಿದೆ. ಅದಕ್ಕೆ ನಿಮ್ಮಲ್ಲಿ ಯಾರು ಚೆನ್ನಾಗಿ ಮಾಡ್ತಾರೆ?" ಒಳ್ಳೆಯ ಜಾಗದಲ್ಲಿ ತಿರುಗಿ ಪ್ರಶ್ನೆ ಬರುತ್ತದೆ. ಯಾವಾಗಿಂದ ಇದೆ, ಕೈಗೆ ಜೋಮು ಬರುತ್ತಾ, ಬಿಪಿ ಇದೆಯಾ, ಆಪರೇಷನ್ ಏನಾದರೂ ಆಗಿದೆಯಾ. "ಎಲ್ಲರೂ ಚೆನ್ನಾಗಿ ಮಾಡ್ತಾರೆ ಮೇಡಂ, ಬನ್ನಿ, ಇವತ್ತು ಆಫರ್ ಇದೆ" ಅಂದರೆ ಇನ್ನೊಂದು ನಂಬರ್ ಒತ್ತಿ. ಒಂದು ಗಂಟೆ ಅಂದರೆ ಮೈಮೇಲೆ ಕೈ ಇಡುವುದು ಎಷ್ಟು ಹೊತ್ತು ಅಂತಲೂ ಕೇಳಿ. ಬಟ್ಟೆ ಬದಲಿಸುವುದು, ಸ್ನಾನ ಎಲ್ಲ ಸೇರಿಸಿ ಗಂಟೆ ಲೆಕ್ಕ ಹಾಕುವವರಿದ್ದಾರೆ. ಹೆಂಗಸರಿಗೆ ಹೆಂಗಸರೇ ಬೇಕು ಅಂತಿದ್ದರೆ ಬುಕಿಂಗ್ ಮಾಡುವಾಗಲೇ ಹೇಳಿ, ಬಾಗಿಲ ಹತ್ತಿರ ಮುಜುಗರ ಬೇಡ. ಮಾತು ಮಸಾಜ್ ಬಿಟ್ಟು ಬೇರೆ ಕಡೆ ಜಾರುತ್ತಿದೆ ಅನ್ನಿಸಿದರೆ ಫೋನ್ ಇಟ್ಟುಬಿಡಿ.

ಮೆನು ಕಾರ್ಡ್ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಸ್ವೀಡಿಷ್ ಅಂದರೆ ಎಣ್ಣೆ ಹಚ್ಚಿ ಉದ್ದಕ್ಕೆ ನೀವುವುದು, ಹಿಟ್ಟು ನಾದಿದ ಹಾಗೆ ಹಿಸುಕುವುದು. ಮೈ ಹಗುರಾಗಲಿ, ನಿದ್ದೆ ಬರಲಿ ಅನ್ನುವವರಿಗೆ ಇದು ಸಾಕು. ಥಾಯ್‌ನಲ್ಲಿ ಎಣ್ಣೆಯಿಲ್ಲ, ಸಡಿಲ ಬಟ್ಟೆ ಹಾಕಿಕೊಂಡೇ ನೆಲದ ಹಾಸಿಗೆ ಮೇಲೆ ಮಲಗಬೇಕು. ಅವರು ಅಂಗೈ, ಮೊಣಕೈ, ಮೊಣಕಾಲು ಎಲ್ಲ ಬಳಸಿ ಎಳೆದು, ಮಡಚಿ ಮಾಡುತ್ತಾರೆ. ಮೈ ಬಿಗಿಹಿಡಿದವರಿಗೆ ನನ್ನ ಓಟು ಇದಕ್ಕೇ. ಆಯುರ್ವೇದದ ಅಭ್ಯಂಗದಲ್ಲಿ ಬೆಚ್ಚಗಿನ ಎಣ್ಣೆ ಧಾರಾಳ. ತಲೆಕೂದಲಿಗೂ ಹಚ್ಚುತ್ತಾರೆ, ಸಂಜೆ ಎಲ್ಲಿಗೂ ಹೋಗುವ ಕೆಲಸ ಇಟ್ಟುಕೊಳ್ಳಬೇಡಿ. ಡೀಪ್ ಟಿಶ್ಯೂ, ಅಂದರೆ ಒಳಗಿನ ಸ್ನಾಯುವಿಗೆ ತಾಗುವಂತೆ ಜೋರಾಗಿ ಒತ್ತುವ ಮಸಾಜ್ ಬಗ್ಗೆ ಮಾತ್ರ ಒಂದು ಎಚ್ಚರಿಕೆ: ಎಷ್ಟು ನೋವೋ ಅಷ್ಟು ಒಳ್ಳೆಯದು ಅನ್ನುವುದು ಸುಳ್ಳು. ಉಸಿರು ಬಿಗಿಹಿಡಿಯುವಷ್ಟು ನೋವಾದರೆ ಸ್ನಾಯು ಸಡಿಲವಾಗುವ ಬದಲು ಇನ್ನಷ್ಟು ಗಟ್ಟಿಯಾಗುತ್ತದೆ. ಮರುದಿನ ಸ್ವಲ್ಪ ಮೈಕೈ ನೋವು ಸಹಜ. ಕಪ್ಪಗೆ ಕಲೆ ಬಿದ್ದರೆ ಅದು ಸಹಜವಲ್ಲ. "ದೇಹದ ವಿಷವೆಲ್ಲ ಹೊರಗೆ ಹೋಗುತ್ತದೆ" ಅನ್ನುವ ಪ್ಯಾಕೇಜಿಗೆ ಹೆಚ್ಚು ದುಡ್ಡು ಕೊಡಬೇಡಿ. ಆ ಕೆಲಸವನ್ನು ನಿಮ್ಮ ಲಿವರ್, ಕಿಡ್ನಿ ಪುಕ್ಕಟೆ ಮಾಡುತ್ತಿವೆ.

ಸಮಯ? ವಾರದ ನಡುವೆ, ಬೆಳಗಿನ ಹೊತ್ತು. ಭಾನುವಾರ ಸಂಜೆ ಹೋದರೆ ಬೆಳಗಿಂದ ಬಿಡುವಿಲ್ಲದೆ ಒತ್ತಿ ಒತ್ತಿ ಸೋತ ಕೈ ನಿಮ್ಮ ಪಾಲಿಗೆ ಬರುತ್ತದೆ. ಹೊಟ್ಟೆ ತುಂಬಾ ಉಂಡು ಹೋಗಬೇಡಿ, ಬೋರಲು ಮಲಗಬೇಕು.

ಟೇಬಲ್ ಮೇಲೆ ಮಲಗಿದ ಮೇಲೆ ಸುಮ್ಮನಿರಬೇಡಿ. ನಮ್ಮಲ್ಲಿ ಬಹಳ ಜನ ಅಲ್ಲೇ ಸೋಲುವುದು. ಮುಖ ಇಡುವ ತೂತಿನ ಅಂಚು ಹಣೆಗೆ ಒತ್ತುತ್ತಿರುತ್ತದೆ, ಎಸಿ ಕಾಲಿಗೆ ಹೊಡೆಯುತ್ತಿರುತ್ತದೆ, ಆದರೂ ಏನಂದುಕೊಳ್ಳುತ್ತಾರೋ ಅಂತ ಬಾಯಿ ಬಿಡುವುದಿಲ್ಲ. ಮೊದಲ ಐದು ನಿಮಿಷದಲ್ಲೇ ಹೇಳಿ: ಇನ್ನೂ ಜೋರಾಗಿ, ಇಲ್ಲಿ ಮೆಲ್ಲಗೆ, ಹಾಡು ಬೇಡ, ಪಾದದ ಕೆಳಗೊಂದು ದಿಂಬು ಕೊಡಿ. ಕಸುಬು ಗೊತ್ತಿದ್ದವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಅವರಿಗೂ ಕೆಲಸ ಸುಲಭವಾಗುತ್ತದೆ.

ಗರ್ಭಿಣಿಯರು, ಹೃದಯದ ತೊಂದರೆ ಇರುವವರು, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಮೊದಲು ಡಾಕ್ಟರನ್ನು ಕೇಳಿಯೇ ಹೋಗಬೇಕು. ಒಂದೇ ಕಾಲಿನ ಮೀನಖಂಡ ಊದಿಕೊಂಡು, ಬಿಸಿಯಾಗಿ ನೋಯುತ್ತಿದ್ದರಂತೂ ಮಸಾಜ್ ಮಾತೇ ಬೇಡ. ರಕ್ತ ಹೆಪ್ಪುಗಟ್ಟಿರಬಹುದು, ನೇರ ಆಸ್ಪತ್ರೆಗೆ ಹೋಗಿ.

ಒಬ್ಬರ ಕೈ ಹಿಡಿಸಿತು ಅನ್ನಿ. ಹತ್ತು ಸಿಟ್ಟಿಂಗಿನ ಪ್ಯಾಕೇಜನ್ನು ಅವತ್ತೇ ಕೊಳ್ಳಬೇಡಿ, ಥೆರಪಿಸ್ಟ್‌ಗಳು ಸ್ಪಾ ಬದಲಿಸುತ್ತಲೇ ಇರುತ್ತಾರೆ. ಅವರ ಹೆಸರು, ವಾರದ ರಜೆ ಯಾವತ್ತು ಅನ್ನುವುದನ್ನು ಬರೆದುಕೊಂಡು, ಮುಂದಿನ ಸಲ ಅವರ ಹೆಸರಲ್ಲೇ ಬುಕ್ ಮಾಡಿ.