ನಾಪೋಕ್ಲು ಕಡೆಯ ತೋಟದ ಮನೆಯಿಂದ ವ್ಯಾಲರಂಟ್: ಮೊದಲು ಲೈನ್, ಆಮೇಲೆ ಟೀಮ್

ನೀವು ಕೇಳಿದ್ದು ಇಷ್ಟು: ಕೊಡಗಿನ ನಾಪೋಕ್ಲು ಹತ್ತಿರ ತೋಟದ ಮನೆ, ಹೊಸ ಪಿಸಿ, ವ್ಯಾಲರಂಟ್ (ಐದೈದು ಜನರ ಆನ್‌ಲೈನ್ ಶೂಟಿಂಗ್ ಆಟ) ಈಗಷ್ಟೇ ಶುರು. ಟೀಮ್ ಎಲ್ಲಿ ಹುಡುಕಲಿ, ಹಾಟ್‌ಸ್ಪಾಟ್ ಸಾಕಾ, ಫೈಬರ್ ಬೇಕಾ, ಸರ್ವರ್ ಬಾಡಿಗೆಗೆ ತಗೊಳ್ಳಬೇಕಾ? ನೆಟ್ಟಿನ ವಿಷಯ ಮೊದಲು ಹೇಳ್ತೀನಿ. ಐದು ಜನರ ಆಟದಲ್ಲಿ ಗುರಿ ತಪ್ಪುವ ಹೊಸಬರನ್ನು ಜನ ಸಹಿಸ್ತಾರೆ, ಮ್ಯಾಚ್ ನಡುವೆ ಮಾಯವಾಗುವವರನ್ನು ಸಹಿಸಲ್ಲ. ಬಿಟ್ಟುಹೋದವರಿಗೆ ಆಟವೇ ಶಿಕ್ಷೆ ಕೊಡುತ್ತೆ, ಉಳಿದ ನಾಲ್ವರು ಸೋಲ್ತಾರೆ.

ಪ್ಲಾನ್ ಸ್ಪೀಡ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಆಟಕ್ಕೆ ಗಂಟೆಗೆ ಕೆಲವು ನೂರು ಎಂಬಿ, ಟೀಮ್ ಜೊತೆ ಮಾತಾಡುವ ಡಿಸ್ಕಾರ್ಡ್ ಆ್ಯಪ್‌ಗೆ 30 ಎಂಬಿ ಆಸುಪಾಸು, ಅಷ್ಟೇ. 30 ಎಂಬಿಪಿಎಸ್ ಧಾರಾಳ. ನೋಡಬೇಕಾದ್ದು ಪಿಂಗ್ (ಸಂದೇಶ ಸರ್ವರ್‌ಗೆ ಹೋಗಿ ಬರೋಕೆ ಹಿಡಿಯುವ ಮಿಲಿಸೆಕೆಂಡ್), ಅದರ ಏರಿಳಿತ, ಪ್ಯಾಕೆಟ್ ಲಾಸ್ (ದಾರಿಯಲ್ಲಿ ಕಳೆದುಹೋಗುವ ಡೇಟಾ). ನಮಗೆ ಹತ್ತಿರದ ಸರ್ವರ್ ಮುಂಬೈ. ಮಡಿಕೇರಿಯಿಂದ ನೇರ ಗೆರೆ ಎಳೆದರೆ ಸುಮಾರು 800 ಕಿ.ಮೀ.; ಫೈಬರ್‌ನಲ್ಲಿ ಬೆಳಕು ಮಿಲಿಸೆಕೆಂಡಿಗೆ 200 ಕಿ.ಮೀ. ಓಡುತ್ತೆ, ಅಂದ್ರೆ ಹೋಗಿ ಬರೋಕೆ ಕನಿಷ್ಠ 8. ಲೈನ್ ಸುತ್ತಿ ಬಳಸಿ ಹೋಗುವುದರಿಂದ 30ರಿಂದ 50 ಬಂದರೆ ಸರಿಯಾಗೇ ಇದೆ ಅಂದ್ಕೊಳ್ಳಿ. ದುಬಾರಿ ಪ್ಲಾನ್ ಹಾಕಿಸಿದರೆ ಈ ದೂರ ಕಮ್ಮಿ ಆಗಲ್ಲ. ಅಲ್ಲಾಡದ 55, ಆಗಾಗ 150ಕ್ಕೆ ಜಿಗಿಯುವ 30ಕ್ಕಿಂತ ಎಷ್ಟೋ ಮೇಲು.

ಹಾಟ್‌ಸ್ಪಾಟ್ ಕಲಿಯೋಕೆ ಸಾಕು, ಟೀಮ್‌ಗೆ ಸಾಲದು. 850, 900 ಮೆಗಾಹರ್ಟ್ಸ್ ಸಿಗ್ನಲ್ ಗುಡ್ಡ ಬಳಸಿ ಬರುತ್ತೆ ಆದರೆ ವೇಗ ಕಮ್ಮಿ. 2300 ಮೆಗಾಹರ್ಟ್ಸ್‌ನದ್ದಕ್ಕೆ ವೇಗ ಇದೆ, ಮರ ಗುಡ್ಡ ಅಡ್ಡ ಬಂದರೆ ಸತ್ತುಹೋಗುತ್ತೆ. ಫೋನ್ ಇವೆರಡರ ನಡುವೆ ಜಿಗಿದಾಗಲೆಲ್ಲ ಪಿಂಗ್ ಹಾರುತ್ತೆ. ವಾರಾಂತ್ಯದ ಸಂಜೆ ಹೋಂಸ್ಟೇಗಳು ತುಂಬಿದಾಗ ಟವರ್ ಮೇಲೆ ಹೊರೆ ಬೇರೆ. ಸದ್ಯಕ್ಕೆ ಹಾಟ್‌ಸ್ಪಾಟೇ ಗತಿ ಅಂದ್ರೆ ಫೋನನ್ನು ಟವರ್ ಕಡೆಯ ಕಿಟಕಿಯಲ್ಲಿಟ್ಟು ಯುಎಸ್‌ಬಿ ಕೇಬಲ್‌ನಲ್ಲೇ ಪಿಸಿಗೆ ಕೊಡಿ, ವೈಫೈ ಬೇಡ. ಆಟದ ಅಪ್‌ಡೇಟ್ ಕೆಲವೊಮ್ಮೆ ಹಲವು ಜಿಬಿ ಇರುತ್ತೆ, ದಿನದ 2 ಜಿಬಿ ಡೇಟಾ ಅವತ್ತೇ ಖಾಲಿ.

ಬಿಎಸ್‌ಎನ್‌ಎಲ್ ಫೈಬರೋ ಕೇಬಲ್ ಟಿವಿಯವರ ಫೈಬರೋ, ನಿಮ್ಮ ರಸ್ತೆಗೆ ಯಾವುದು ಬಂದಿದೆಯೋ ಅದನ್ನು ಹಾಕಿಸಿ. ಪಕ್ಕದ ತೋಟದವರನ್ನು ಸ್ಪೀಡ್ ಎಷ್ಟು ಅಂತ ಕೇಳಬೇಡಿ. ಜುಲೈನಲ್ಲಿ ಕೊಂಬೆ ಬಿದ್ದು ಕಟ್ ಆದರೆ ಎಷ್ಟು ದಿನಕ್ಕೆ ಬಂದು ಜೋಡಿಸ್ತಾರೆ ಅಂತ ಕೇಳಿ. ಕೇಬಲನ್ನು ಸಿಲ್ವರ್ ಓಕ್ ಮರಕ್ಕೆ ಬಿಗಿಯಾಗಿ ಕಟ್ಟಿದರೆ ಗಾಳಿಗೆ ಮರ ತೂಗಿ ಜೋಡಣೆ ಸಡಿಲ ಆಗುತ್ತೆ, ಸ್ವಲ್ಪ ಇಳಿಬಿಡೋಕೆ ಹೇಳಿ. ಮನೆಯೊಳಗೆ ಬೀರು ಹಿಂದೆ ಚೂಪಾಗಿ ಮಡಚಬಾರದು. ರೂಟರ್ ಪುಟದಲ್ಲಿ ಆಪ್ಟಿಕಲ್ ರಿಸೀವ್ ಪವರ್ ಅಂತ ಇರುತ್ತೆ, ಅಂದ್ರೆ ಒಳಬರುವ ಬೆಳಕಿನ ಬಲ, ಡಿಬಿಎಂ ಲೆಕ್ಕದಲ್ಲಿ: -20 ಸುತ್ತಮುತ್ತ ಇದ್ದರೆ ಚೆನ್ನ, -25 ಆದರೆ ಫೈಬರ್ ಜೋಡಣೆ (ಸ್ಪ್ಲೈಸ್) ಮತ್ತೆ ಮಾಡಿಸಿ, -27 ದಾಟಿದರೆ ಯಾವಾಗ ಬೇಕಾದರೂ ಹೋಗಬಹುದು. ಕೆಂಪು ಎಲ್‌ಒಎಸ್ ದೀಪ ಹತ್ತಿದರೆ ರೂಟರ್ ರೀಸ್ಟಾರ್ಟ್ ಮಾಡಿ ಉಪಯೋಗವಿಲ್ಲ, ಬೆಳಕೇ ಬರ್ತಿಲ್ಲ.

ಕರೆಂಟ್ ಹೋಗೋದು ನಮ್ಮಲ್ಲಿ ಗ್ಯಾರಂಟಿ. ರೂಟರ್‌ಗೆ 12 ವೋಲ್ಟ್ ಮಿನಿ ಯುಪಿಎಸ್ ಹಾಕಿ. ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಅಷ್ಟೇ ಇರಬೇಕು, ಆಂಪ್ ಅಷ್ಟಾದರೂ ಇರಬೇಕು. ಫೈಬರ್ ಡಬ್ಬಿ, ವೈಫೈ ರೂಟರ್ ಬೇರೆಬೇರೆ ಇದ್ದರೆ ಎರಡಕ್ಕೂ ಬೇಕು. ಪಿಸಿಗೆ 600 ವಿಎ ಯುಪಿಎಸ್ ಅಂದ್ರೆ ಸುಮಾರು 360 ವ್ಯಾಟ್. ಗ್ರಾಫಿಕ್ಸ್ ಕಾರ್ಡ್ ಜೋರಾಗಿ ಎಳೆದರೆ ಅದೂ ಸಾಲದು. ಮನೆ ಇನ್ವರ್ಟರ್‌ನಿಂದಲೇ ಪಿಸಿ ಓಡಿಸೋದಾದರೆ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿ ಇರಲಿ, ಇಲ್ಲದಿದ್ದರೆ ಬದಲಾಗುವ ಕ್ಷಣದಲ್ಲಿ ಪಿಸಿ ರೀಸ್ಟಾರ್ಟ್. ಏಪ್ರಿಲ್, ಮೇ ಸಿಡಿಲು ಬಂದಾಗಲಂತೂ ಎಲ್ಲಾ ಪ್ಲಗ್ ಕಿತ್ತಿಡಿ. ಆಡುವ ಕೋಣೆ ಬೇರೆ ಕಟ್ಟಡದಲ್ಲಿದ್ದರೆ ನಡುವೆ ತಾಮ್ರದ ಲ್ಯಾನ್ ಕೇಬಲ್ ಎಳೀಬೇಡಿ. 100 ಮೀಟರ್ ಮಿತಿ ಒಂದು ಕಡೆ, ಸಿಡಿಲಿನ ಅಪಾಯ ಇನ್ನೊಂದು ಕಡೆ. ಲೋಹದ ತಂತಿ ಇಲ್ಲದ ಫೈಬರ್ ಎಳೆದು ಎರಡೂ ತುದಿಗೆ ಫೈಬರನ್ನು ಲ್ಯಾನ್‌ಗೆ ಬದಲಿಸುವ ಮೀಡಿಯಾ ಕನ್ವರ್ಟರ್ ಹಾಕಿ.

ಪರೀಕ್ಷೆ ಮಧ್ಯಾಹ್ನ ಮಾಡಬೇಡಿ, ರಾತ್ರಿ 9ಕ್ಕೆ ಮಾಡಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಮೊದಲು ರೂಟರ್‌ಗೆ, ಅಂದ್ರೆ ಸಾಮಾನ್ಯವಾಗಿ 192.168.1.1ಕ್ಕೆ, 100 ಸಲ ಪಿಂಗ್ ಕಳಿಸಿ, ಆಮೇಲೆ ಹೊರಗಿನ ಗೂಗಲ್ ಸರ್ವರ್ 8.8.8.8ಕ್ಕೆ 100 ಸಲ. ರೂಟರ್‌ಗೇ 5 ಮಿಲಿಸೆಕೆಂಡ್ ದಾಟಿ ಕುಣಿದರೆ ತೊಂದರೆ ಮನೆಯೊಳಗಿನ ವೈಫೈದು, ಲ್ಯಾನ್ ಕೇಬಲ್ ಹಾಕಿ. ಅದು ನೆಟ್ಟಗಿದ್ದು ಹೊರಗಿನದು ಮಾತ್ರ ಕುಣಿದರೆ ಲೈನ್‌ನವರಿಗೆ ಫೋನ್ ಮಾಡಿ, ಆ ಅಂಕಿ ತೋರಿಸಿ. ಆಟದ ನಡುವೆ ಮಾತ್ರ ಎಳೆದಾಡಿದರೆ ಯಾರದ್ದೋ ಫೋನ್ ಮದುವೆ ಫೋಟೋಗಳನ್ನು ಬ್ಯಾಕಪ್ ಮಾಡ್ತಿರುತ್ತೆ. ರೂಟರ್‌ನ ಕ್ಯೂಒಎಸ್ (ಯಾರಿಗೆ ಎಷ್ಟು ವೇಗ ಅಂತ ಹಂಚುವ ಸೆಟ್ಟಿಂಗ್) ಒಳಗೆ ಅಪ್‌ಲೋಡನ್ನು ನಿಜವಾದ ವೇಗದ ಶೇ. 85ಕ್ಕೆ ಕಟ್ಟಿಹಾಕಿ. ಪಿಂಗ್ ಇಳಿಸ್ತೀವಿ ಅನ್ನುವ ಆ್ಯಪ್‌ಗಳಿಗೆ ಇಷ್ಟೆಲ್ಲ ನೋಡೋ ಮೊದಲು ದುಡ್ಡು ಕೊಡಬೇಡಿ. ಬೇರೆ ದೇಶದಿಂದ ಬಂದಂತೆ ತೋರಿಸುವ ವಿಪಿಎನ್ ಹಾಕಿಕೊಂಡು ಅಕೌಂಟ್ ಮಾಡಿದ್ದರೆ ಪ್ರದೇಶವೇ ತಪ್ಪಾಗಿರಬಹುದು, ಅದನ್ನೂ ನೋಡಿ. ಮ್ಯಾಚ್‌ಗೆ ಕ್ಯೂ ಹಾಕುವ ಮೊದಲು ಮುಂಬೈ ಸರ್ವರ್ ಆಯ್ಕೆ ಆಗಿದೆಯಾ ಅಂತ ಖಚಿತ ಮಾಡಿಕೊಳ್ಳಿ.

ಇನ್ನು ಟೀಮ್. ಅಕೌಂಟ್ ಲೆವೆಲ್ 20 ಆಗುವವರೆಗೆ ರ‍್ಯಾಂಕ್ ಆಟ ತೆರೆಯಲ್ಲ. ಜನ ಹುಡುಕೋಕೆ ಅದೇ ಸಮಯ. ಕನ್ನಡ ಸ್ಟ್ರೀಮರ್‌ಗಳ ಡಿಸ್ಕಾರ್ಡ್‌ಗಳಲ್ಲಿ ಜೊತೆಗಾರರನ್ನು ಹುಡುಕುವ ಕೋಣೆ ಇರುತ್ತೆ. ಮೈಸೂರು, ಮಂಗಳೂರಲ್ಲಿ ಓದುವ ನಮ್ಮ ಕಡೆಯ ಹುಡುಗ ಹುಡುಗಿಯರ ಗುಂಪುಗಳಲ್ಲೂ ಕೇಳಿ. "ಟೀಮ್ ಬೇಕು" ಅಂತ ಬರೆದರೆ ಯಾರೂ ತಿರುಗಿ ನೋಡಲ್ಲ. ಹೀಗೆ ಹಾಕಿ: "ಹೊಸಬ, ಲೆವೆಲ್ 12, ಮುಂಬೈ ಪಿಂಗ್ 45, ಸೋಮವಾರದಿಂದ ಗುರುವಾರ ರಾತ್ರಿ 8ರಿಂದ 10, ಕನ್ನಡ, ಸ್ಮೋಕ್ ಹಾಕಬಲ್ಲೆ, ಮೈಕ್ ಇದೆ." ಸ್ಮೋಕ್ ಅಂದ್ರೆ ಎದುರಾಳಿಗಳ ನೋಟ ಮುಚ್ಚುವ ಹೊಗೆ. ರ‍್ಯಾಂಕ್‌ಗಿಂತ ಸಮಯ ಹೊಂದೋದು ಮುಖ್ಯ. ಡಿಸೆಂಬರ್‌ನಲ್ಲಿ ಕಾಫಿ ಕುಯ್ಲು ಶುರುವಾದರೆ ಬರೋಕಾಗಲ್ಲ ಅಂತಿದ್ದರೆ ಮೊದಲೇ ಹೇಳಿಬಿಡಿ.

ಮೂರು ಅನ್‌ರೇಟೆಡ್ (ರ‍್ಯಾಂಕ್ ಲೆಕ್ಕಕ್ಕೆ ಬಾರದ) ಮ್ಯಾಚ್ ಒಟ್ಟಿಗೆ ಆಡಿ ಆಮೇಲೆ ಒಪ್ಪಿಕೊಳ್ಳಿ. ಸೋಲುವ ಮ್ಯಾಚ್‌ನಲ್ಲೇ ಜನ ಎಂಥವರು ಅಂತ ಗೊತ್ತಾಗೋದು. ರ‍್ಯಾಂಕ್‌ನಲ್ಲಿ ನಾಲ್ವರ ಪಾರ್ಟಿಗೆ ಅವಕಾಶ ಇಲ್ಲ, ಹಾಗಾಗಿ ನಿಮ್ಮನ್ನೂ ಸೇರಿಸಿ ಮೂವರನ್ನು ಗಟ್ಟಿ ಮಾಡಿಕೊಂಡು ನೇರ ಐದಕ್ಕೆ ಹೋಗಿ. ಆಟದೊಳಗೇ ನಡೆಯುವ ಪ್ರೀಮಿಯರ್ ಟೂರ್ನಿಯ ತಂಡದಲ್ಲಿ ಐದರಿಂದ ಏಳು ಹೆಸರು ಇಡಬಹುದು. ಮಳೆಗಾಲದ ಕೊಡಗಿನವರು ಏಳು ತುಂಬಿದ ತಂಡಕ್ಕೇ ಸೇರಬೇಕು. ಮೊದಲು ನುಗ್ಗಿ ಹೊಡೆದಾಡುವ ಡ್ಯುಯೆಲಿಸ್ಟ್ ಪಾತ್ರದ ಆಸೆ ಸದ್ಯಕ್ಕೆ ಬಿಡಿ. ಬ್ರಿಮ್‌ಸ್ಟೋನ್ ಅನ್ನುವ ಪಾತ್ರದ ಸ್ಮೋಕ್ ಮ್ಯಾಪ್ ನೋಡಿ ಹಾಕೋದು, ಕಲಿಯೋಕೆ ಸುಲಭ, ಸ್ಮೋಕ್ ಹಾಕುವವರು ಎಲ್ಲರಿಗೂ ಬೇಕು. ಮೈಕ್ ಪುಶ್ ಟು ಟಾಕ್‌ನಲ್ಲೇ (ಬಟನ್ ಒತ್ತಿದಾಗ ಮಾತ್ರ ಕೇಳಿಸುವಂತೆ) ಇಡಿ, ಶೀಟಿನ ಮೇಲೆ ಬೀಳುವ ಆಟಿ ತಿಂಗಳ ಮಳೆ ನಾಲ್ವರ ಕಿವಿಗೆ ಬೇಡ. ಮಾತು ಕನ್ನಡದಲ್ಲಾಗಲಿ ಕೊಡವದಲ್ಲಾಗಲಿ, ಮ್ಯಾಪಿನ ಜಾಗಗಳ ಹೆಸರು ಮಾತ್ರ ಆಟದಲ್ಲಿ ಇರುವಂತೆಯೇ ಹೇಳಿ.

ಪಾಸ್‌ವರ್ಡ್ ಕೇಳುವವರು, ರ‍್ಯಾಂಕ್ ಏರಿಸಿಕೊಡ್ತೀವಿ ಅನ್ನುವವರು ಕಂಡರೆ ಬ್ಲಾಕ್. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ರೂಮ್‌ಗಳಿಗೂ ಹೋಗಬೇಡಿ; ಹಣ ಪಣವಿಡುವ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾನೂನು 2025ರ ಆಗಸ್ಟ್‌ನಲ್ಲೇ ಬಂದಿದೆ.

ಬಾಡಿಗೆ ಸರ್ವರ್ ವ್ಯಾಲರಂಟ್‌ಗೆ ಬೇಡವೇ ಬೇಡ, ಗೆಳೆಯರೊಳಗೆ ಆಡುವ ಕಸ್ಟಮ್ ಮ್ಯಾಚ್ ಕೂಡ ಕಂಪನಿಯ ಸರ್ವರ್‌ನಲ್ಲೇ ನಡೆಯುತ್ತೆ. ಮಕ್ಕಳು ಮೈನ್‌ಕ್ರಾಫ್ಟ್ ಕೇಳಿದರೆ ಮಾತ್ರ ಆ ಖರ್ಚು: ಐದಾರು ಜನಕ್ಕೆ 4 ಜಿಬಿ ರ‍್ಯಾಮ್, ಜಾಗ ಮುಂಬೈ ಅಂತ ನೋಡಿ ತಗೊಳ್ಳಿ. ಮೊಬೈಲ್ ನೆಟ್‌ನಲ್ಲೂ ಎಷ್ಟೋ ಫೈಬರ್ ಪ್ಲಾನ್‌ಗಳಲ್ಲೂ ಒಂದೇ ಐಪಿ ಹಲವರಿಗೆ ಹಂಚಿರುತ್ತಾರೆ, ಮನೆಯಿಂದಲೇ ನಡೆಸೋಣ ಅಂತ ರೂಟರ್‌ನಲ್ಲಿ ಮೈನ್‌ಕ್ರಾಫ್ಟ್‌ನ 25565 ಪೋರ್ಟ್ ತೆರೆದರೂ ಹೊರಗಿನವರು ಒಳಗೆ ಬರೋಕಾಗಲ್ಲ.